ದಾನಚಿಂತಾಮಣಿಯ ಶಾಸ್ತ್ರದಾನ ಮತ್ತು ಕನ್ನಡದ ಲೇಖಕಿಯರು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಆಧಾರಸ್ತಂಭಗಳು. ಮೊದಲ ಮೂರು ದಾನಗಳು ಪಡೆದವನ ಆ ಹೊತ್ತಿನ ಕಷ್ಟವನ್ನು ನೀಗುತ್ತವೆ. ಶಾಸ್ತ್ರದಾನದ ಫಲವಾದರೋ ತಲೆಮಾರುಗಳನ್ನು ದಾಟಿ ಹರಿಯುವಂಥದು. ಕನ್ನಡ ನಾಡಿನಲ್ಲಿ ಈ ದಾನವನ್ನು ಕೈಗೊಂಡವರಲ್ಲಿ ಅಗ್ರಗಣ್ಯಳೆನಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅವಳು ರಚಿಸಿದ ಕಾವ್ಯವಾವುದೂ ದೊರೆತಿಲ್ಲ. ಆದರೂ ಸಾಹಿತ್ಯ ಸೇವೆಗಾಗಿ ಮಹಿಳೆಯರಿಗೆ ಕರ್ನಾಟಕ ಸರ್ಕಾರವು ನೀಡುವ ಪ್ರಶಸ್ತಿ ಅವಳ ಹೆಸರಿನಲ್ಲಿದೆ. ಬರೆಯದ ಮಹಿಳೆಯೊಬ್ಬಳು ಬರೆಯುವ ಮಹಿಳೆಯರಿಗೆಲ್ಲ ಸ್ಫೂರ್ತಿಯಾದುದು ಹೇಗೆಂಬುದನ್ನು ಅರಿಯಬೇಕಾದರೆ 10ನೆಯ ಶತಮಾನದ ಲಕ್ಕುಂಡಿಯಿಂದ ಬೆಂಗಳೂರಿನ ಚಾಮರಾಜಪೇಟೆಯವರೆಗೆ ಹರಿದುಬಂದ ಪರಂಪರೆಯನ್ನು ಅವಲೋಕಿಸಬೇಕು.

ಮನೆತನದ ಸಂಸ್ಕಾರ

ಅತ್ತಿಮಬ್ಬೆಯ ಪೂರ್ವಿಕರು ವೆಂಗಿಮಂಡಲದವರು. ಅಜ್ಜ ನಾಗಮಯ್ಯ, ತಂದೆ ಮಲ್ಲಪ. ಈ ಮಲ್ಲಪನೂ ಅವನ ಸೋದರ ಪೊನ್ನಮಯ್ಯನೂ ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಮಹಾಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಹೀಗೆ ಕಾವ್ಯವನ್ನು ಪೋಷಿಸುವ ಗುಣ ಅತ್ತಿಮಬ್ಬೆಗೆ ತವರಿನಿಂದಲೇ ಬಂದ ಬಳುವಳಿ.

ಚಾಲುಕ್ಯರ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ವಿವಾಹವಾಯಿತು. ವೀರನಾದ ನಾಗದೇವನು ಯುದ್ಧದಲ್ಲಿ ಮಡಿದನು. ಗುಂಡಮಬ್ಬೆ ಪತಿಯೊಡನೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನೊಡನೆ ಉಳಿದುಕೊಂಡಳು.

ಇತಿಹಾಸದಲ್ಲಿ ಇದು ನಿರ್ಣಾಯಕವಾದ ಗಳಿಗೆ. ಅಗ್ನಿಪ್ರವೇಶವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಗಳ ಸಾಲಿಗೆ ಸೇರಿಸಿದ್ದಾರೆ. ಆದರೆ ಆ ಕಾಲದ ಸಾಮಂತ ಮನೆತನಗಳಲ್ಲಿ ಸಹಗಮನಕ್ಕೆ ದೊರೆಯುತ್ತಿದ್ದ ಕೀರ್ತಿ ಅಲ್ಪವಾದುದಲ್ಲ. ಒಡಹುಟ್ಟಿದವಳೇ ಚಿತೆಯೇರಿದ ಮೇಲೆ ಬದುಕಿ ಉಳಿಯುವುದಕ್ಕೆ ಎಂಥ ಮನೋದಾರ್ಢ್ಯ ಬೇಕಾಗಿದ್ದಿತೆಂಬುದನ್ನು ಊಹಿಸಬಹುದು. ಅವಳು ವ್ರತನಿಯಮಗಳಲ್ಲಿ ದೇಹವನ್ನು ದಂಡಿಸಿ, ಐಶ್ವರ್ಯವನ್ನೆಲ್ಲ ಧರ್ಮಕ್ಕೆ ಮುಡಿಪಾಗಿಟ್ಟಳು. ಅವಳು ಅಂದು ಉಳಿಯದಿದ್ದರೆ ಕನ್ನಡ ಸಾಹಿತ್ಯ ಎಷ್ಟು ಬಡವಾಗುತ್ತಿತ್ತೆಂಬುದನ್ನು ಮುಂದಿನ ಸಂಗತಿಗಳೇ ಹೇಳುತ್ತವೆ.

ಸಾವಿರ ಪ್ರತಿಗಳು

ತಂದೆ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಇದು ಸಾಮಾನ್ಯ ಕಾರ್ಯವಲ್ಲ. ತಾಳೆಗರಿಗಳನ್ನು ಆಯ್ದು, ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಲಿಪಿಕಾರನು ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು; ಕೊರೆದ ಗೆರೆಗಳಿಗೆ ಮಸಿ ತುಂಬಬೇಕು; ರಂಧ್ರ ಮಾಡಿ ದಾರದಲ್ಲಿ ಕೋದು ಕಟ್ಟಬೇಕು. ಒಂದು ಪುರಾಣದ ಒಂದು ಪ್ರತಿಗೇ ಇಷ್ಟು ಶ್ರಮವಾದರೆ, 1000 ಪ್ರತಿಗಳಿಗೆ ಎಷ್ಟು ಮಂದಿ ಲಿಪಿಕಾರರು ದುಡಿದಿರಬೇಕು, ಅವರ ಸಂಸಾರಗಳಿಗೆ ಎಷ್ಟು ಕಾಲ ಅನ್ನ ದೊರೆತಿರಬೇಕು! ಮಣಿಕನಕಖಚಿತವಾದ 1500 ಜಿನಪ್ರತಿಮೆಗಳನ್ನೂ ಅವಳು ಮಾಡಿಸಿ ದಾನವಿತ್ತಳೆಂದು ಪ್ರಸಿದ್ಧಿ. ಲೊಕ್ಕಿಗುಂಡಿಯಲ್ಲಿ, ಎಂದರೆ ಇಂದಿನ ಲಕ್ಕುಂಡಿಯಲ್ಲಿ, ಅವಳು ಕಟ್ಟಿಸಿದ ಬಸದಿಯ ವಿಷಯವನ್ನು ಇರಿವಬೆಡಂಗ ಸತ್ಯಾಶ್ರಯನ ಕಾಲದ ಕ್ರಿ.ಶ. 1007ರ ಶಾಸನ ತಿಳಿಸುತ್ತದೆ.

ಹಳೆಯ ಕಾವ್ಯವನ್ನು ಉಳಿಸಿದ ಕೈಯೇ ಹೊಸ ಕಾವ್ಯಕ್ಕೂ ನೀರೆರೆಯಿತು. ಮುದುವೊಳಲಿನ ಬಳೆಗಾರ ಕುಲದಲ್ಲಿ ಜನಿಸಿದ ರನ್ನನು ಕ್ರಿ.ಶ. 993ರಲ್ಲಿ ಅಜಿತತೀರ್ಥಂಕರ ಪುರಾಣವನ್ನು ರಚಿಸಿದುದು ಅತ್ತಿಮಬ್ಬೆಯ ಆಶ್ರಯದಲ್ಲಿ. ಹನ್ನೆರಡು ಆಶ್ವಾಸಗಳ ಆ ಕಾವ್ಯದಲ್ಲಿ ತೀರ್ಥಂಕರ ಚರಿತೆಯೊಡನೆ ಅತ್ತಿಮಬ್ಬೆಯ ವಂಶ, ಶೀಲ, ದಾನಗಳ ಕಥನವೂ ಸ್ಥಾನ ಪಡೆದಿದೆ. ಗದಾಯುದ್ಧದಲ್ಲಿ ಚಕ್ರವರ್ತಿಯನ್ನು ಹಾಡಿದ ಕವಿ ಇಲ್ಲಿ ಒಬ್ಬ ಶ್ರಾವಿಕೆಯನ್ನು ಹಾಡಿದ್ದಾನೆ. ಅಷ್ಟೇ ಅಲ್ಲ, ತನ್ನ ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ದಾನಚಿಂತಾಮಣಿಯ ಹೆಸರು ಮುಂದಿನ ಪೀಳಿಗೆಯ ಹೆಣ್ಣುಮಗಳಿಗೆ ಸಂದುದು ಹೀಗೆ, ಕವಿಯ ಮನೆಯಲ್ಲಿಯೇ.

ಶಾಸನಗಳಲ್ಲಿ ಶ್ರಾವಿಕೆಯರು

ಅತ್ತಿಮಬ್ಬೆಯ ಕೀರ್ತಿ ಅವಳೊಡನೆ ಮುಗಿಯಲಿಲ್ಲ. ಅವಳ ಭಕ್ತಿಗೆ ಗೋದಾವರಿಯ ಪ್ರವಾಹವೇ ತಡೆದು ನಿಂತಿತೆಂಬ ಐತಿಹ್ಯವನ್ನು 12ನೆಯ ಶತಮಾನದ ಶ್ರವಣಬೆಳಗೊಳದ ಶಾಸನವು ಹೊಯ್ಸಳ ದಂಡನಾಯಕ ಗಂಗರಾಜನನ್ನು ಹೊಗಳುವಾಗ ಸ್ಮರಿಸುತ್ತದೆ. ಪರಾಕ್ರಮಿಯಾದ ಪುರುಷನಿಗೆ ಸ್ತ್ರೀಯೊಬ್ಬಳು ಉಪಮಾನವಾದುದು ಗಮನಾರ್ಹ.

ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದು ಬಣ್ಣಿಸುತ್ತವೆ. ಅವಳ ತಂದೆ ಮಾರಸಿಂಗಯ್ಯ ಶೈವನು. ತಾಯಿ ಮಾಚಿಕಬ್ಬೆ ಜಿನಭಕ್ತೆ. 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಮಗಳ ಜಿನಭಕ್ತಿ ತಾಯಿಯಿಂದ ಬಂದುದು. ಮಗಳು ಅಗಲಿದ ಬಳಿಕ ಆ ತಾಯಿ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು.

ಆದರೆ ಇದೇ ಹೊಯ್ಸಳರ ಕಾಲಕ್ಕೆ ಸೇರಿದವಳೆಂದು ಪರಂಪರೆ ಹೇಳುವ ಕವಯಿತ್ರಿ ಕಂತಿಯ ವಿಷಯ ವಿಷಾದಕರ. ಅಭಿನವ ವಾಗ್ದೇವಿಯೆಂದು ಕೀರ್ತಿತಳಾದ, ಅಭಿನವ ಪಂಪನೊಡನೆ ಸಮಸ್ಯಾಪೂರಣದಲ್ಲಿ ಸಾಟಿಯಾಗಿ ನಿಂತಳೆಂಬ ಆಕೆಯ ಸ್ವತಂತ್ರ ಕೃತಿಯೊಂದೂ ಉಳಿದುಬಂದಿಲ್ಲ. ಪುರುಷನಾದ ಪೊನ್ನನ ಕಾವ್ಯಕ್ಕೆ ಸಾವಿರ ಪ್ರತಿ ಮಾಡಿಸಲು ಒಬ್ಬ ಅತ್ತಿಮಬ್ಬೆ ಇದ್ದಳು. ಕಂತಿಗೆ ಅಂಥವಳೊಬ್ಬಳು ದೊರೆಯಲಿಲ್ಲ. ಪ್ರತಿಭೆಯೊಂದೇ ಸಾಲದು, ಅದನ್ನು ಬರೆಯಿಸಿ ಕಾಪಾಡುವ ಕೈಯೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಂಥ ಇನ್ನೊಂದು ಕೈ ಮಲ್ಲಿಕಬ್ಬೆಯದು. ಅರಸ ಶಾಂತಿಸೇನನ ಪತ್ನಿಯಾದ ಈಕೆ ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಮಹಾಬಂಧ ಸಿದ್ಧಾಂತಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಆ ತಾಳೆಗರಿಯ ಪ್ರತಿ ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದುದರಿಂದಲೇ ಇಂದು ಆ ಗ್ರಂಥ ಲೋಕಕ್ಕೆ ಲಭ್ಯವಾಗಿದೆ.

ಚಾಮರಾಜಪೇಟೆಯಲ್ಲಿ

ಆಧುನಿಕ ಕಾಲದಲ್ಲಿ ಈ ಹೊಣೆಯನ್ನು ಅರಮನೆಗಳಿಗೆ ಬದಲಾಗಿ ಪತ್ರಿಕೆಗಳೂ ಸಂಘಸಂಸ್ಥೆಗಳೂ ಹೊತ್ತವು. ಬೆಂಗಳೂರಿನ ಮೆಜೆಸ್ಟಿಕ್‌ಗೆ ಸಮೀಪದ ಚಾಮರಾಜಪೇಟೆ ಅಂಥ ಸಂಸ್ಥೆಗಳ ನೆಲೆ. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ ಇರುವುದು ಇಲ್ಲಿಯ ಪಂಪಮಹಾಕವಿ ರಸ್ತೆಯಲ್ಲಿ. ಬಾಲ್ಯದಲ್ಲಿಯೇ ವೈಧವ್ಯಕ್ಕೊಳಗಾದ ಶ್ರೀಮತಿ ಆರ್. ಕಲ್ಯಾಣಮ್ಮನವರು ಸುಮಾರು ನಾಲ್ಕು ದಶಕಗಳ ಕಾಲ 'ಸರಸ್ವತಿ' ಮಾಸಪತ್ರಿಕೆಯನ್ನು ನಡೆಸಿ ಮಹಿಳೆಯರ ಬರಹಕ್ಕೆ ಎಡೆಮಾಡಿಕೊಟ್ಟರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಅವರು ಜೈನರಲ್ಲ, ಆದರೆ ವೈಧವ್ಯದ ಶೂನ್ಯವನ್ನು ಅಕ್ಷರದಿಂದ ತುಂಬಿದ ಅವರ ಬಾಳು ಅತ್ತಿಮಬ್ಬೆಯ ಬಾಳನ್ನು ನೆನಪಿಗೆ ತರುತ್ತದೆ. 1979ರಲ್ಲಿ ಆರಂಭವಾದ ಕರ್ನಾಟಕ ಲೇಖಕಿಯರ ಸಂಘಕ್ಕೆ ಹಾಸ್ಯಲೇಖಕಿ ಶ್ರೀಮತಿ ಟಿ. ಸುನಂದಮ್ಮನವರು ಮೊದಲ ಅಧ್ಯಕ್ಷೆ. ಆ ಸಂಘದ ಕಾರ್ಯಾಲಯವೂ ಚಾಮರಾಜಪೇಟೆಯಲ್ಲಿಯೇ ನೆಲೆಗೊಂಡಿತು.

ಈ ಪರಂಪರೆಗೂ ಜೈನ ಸಾಹಿತ್ಯಕ್ಕೂ ಸೇತುವೆಯಾದವರು ಡಾ. ಕಮಲಾ ಹಂಪನಾ. 1935ರಲ್ಲಿ ದೇವನಹಳ್ಳಿಯಲ್ಲಿ ಜನಿಸಿ, ಅಧ್ಯಾಪಕಿಯಾಗಿ, ಪ್ರಾಚೀನ ಗ್ರಂಥಗಳ ಸಂಪಾದಕಿಯಾಗಿ ದುಡಿದ ಅವರು ಅತ್ತಿಮಬ್ಬೆಯ ಕುರಿತು ಆಳವಾದ ಅಧ್ಯಯನ ನಡೆಸಿದರು. ಸಾಹಿತ್ಯ ಪರಿಷತ್ತಿನ ಸಮ್ಮೇಳನಕ್ಕೆ 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆಯವರು ಮೊದಲ ಮಹಿಳಾ ಅಧ್ಯಕ್ಷರಾದರು. 2003ರಲ್ಲಿ ಕಮಲಾ ಹಂಪನಾ ಅವರಿಗೆ ಆ ಗೌರವ ಸಂದಾಗ ಸಮ್ಮೇಳನ ನೆರೆದುದು ಮೂಡಬಿದಿರೆಯಲ್ಲಿ. ಮಲ್ಲಿಕಬ್ಬೆ ಬರೆಯಿಸಿದ ಗ್ರಂಥವನ್ನು ಕಾಪಾಡಿದ ಊರಿನಲ್ಲಿಯೇ ಪ್ರಾಚೀನ ಗ್ರಂಥಗಳನ್ನು ಶೋಧಿಸಿದ ವಿದುಷಿ ಅಧ್ಯಕ್ಷಪೀಠವನ್ನು ಅಲಂಕರಿಸಿದುದು ಸಾರ್ಥಕ ಸಂಗತಿ. 2024ರಲ್ಲಿ ಅವರು ಕಾಲವಶರಾದರು.

ಇಂದಿನ ಕರ್ತವ್ಯ

ಬಸದಿಯ ಪ್ರತಿಷ್ಠೆಯೆಂದರೆ ಶಿಲೆಯ ಪ್ರತಿಷ್ಠೆ ಮಾತ್ರವಲ್ಲ. ಅತ್ತಿಮಬ್ಬೆ ಬಸದಿಯನ್ನೂ ಕಟ್ಟಿಸಿದಳು, ಗ್ರಂಥವನ್ನೂ ಬರೆಯಿಸಿದಳು. ಎರಡನ್ನೂ ಒಂದೇ ಧರ್ಮಕಾರ್ಯವೆಂದು ಬಗೆದಳು. ಇಂದು ಪ್ರತಿ ಬಸದಿಯೊಡನೆ ಒಂದು ಪುಸ್ತಕ ಭಂಡಾರವೂ, ಬರೆಯಬಲ್ಲ ಹೆಣ್ಣುಮಕ್ಕಳಿಗೆ ನೆರವೂ ದೊರೆಯುವಂತಾದರೆ ಅವಳ ಶಾಸ್ತ್ರದಾನ ಮುಂದುವರಿದಂತೆಯೇ ಸರಿ. ಸಮಾಜದಲ್ಲಿ ಇನ್ನೊಬ್ಬ ಕಂತಿ ಹುಟ್ಟಿದಾಗ ಅವಳ ಕೃತಿ ಕಳೆದುಹೋಗದಂತೆ ನೋಡಿಕೊಳ್ಳುವುದು ಶ್ರಾವಕ ಶ್ರಾವಿಕೆಯರೆಲ್ಲರ ಹೊಣೆ.