ತಪ್ಪು ಉತ್ತರಕ್ಕೂ ಒಂದು ಚರಿತ್ರೆ

ಆರನೆಯ ತರಗತಿ, ಗಣಿತದ ಅವಧಿ. ಬೋಧನಾಭ್ಯಾಸಕ್ಕೆ ಬಂದಿರುವ ಬಿ.ಎಡ್. ಪ್ರಶಿಕ್ಷಣಾರ್ಥಿಯೊಬ್ಬಳು ಕಪ್ಪು ಹಲಗೆಯ ಮೇಲೆ 0.5 ಮತ್ತು 0.35 ಎಂದು ಬರೆದು, ಯಾವುದು ದೊಡ್ಡದು ಎಂದು ಕೇಳುತ್ತಾಳೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಅಧ್ಯಾಪಕರು ಪಾಠ ವೀಕ್ಷಣೆಯ ಪುಸ್ತಕ ತೆರೆದು ಕುಳಿತಿದ್ದಾರೆ. ಮುಂದಿನ ಸಾಲಿನಲ್ಲಿ ನಾಲ್ಕಾರು ಕೈಗಳು ಮೇಲೇಳುತ್ತವೆ. ಸರಿಯಾದ ಉತ್ತರ ಬರುತ್ತದೆ. 'ಶಹಭಾಸ್' ಎಂದು ಆಕೆ ಮುಂದಿನ ಲೆಕ್ಕಕ್ಕೆ ಹೋಗುತ್ತಾಳೆ. ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಪಾಠವೂ ಮುಗಿಯುತ್ತದೆ.

ಸಂಜೆ ನೋಟ್ ಪುಸ್ತಕಗಳನ್ನು ತಿದ್ದಲು ಕುಳಿತಾಗ ಅದೇ ತರಗತಿಯ ಬೇರೊಂದು ಮುಖ ಕಾಣುತ್ತದೆ. ಹಲವು ಮಕ್ಕಳು 0.35 ದೊಡ್ಡದೆಂದು ಬರೆದಿದ್ದಾರೆ. 35 ಎಂಬುದು 5ಕ್ಕಿಂತ ದೊಡ್ಡದಲ್ಲವೇ ಎಂಬುದು ಅವರ ತರ್ಕ. ಸರಿಯುತ್ತರ ಬರೆದವರಲ್ಲೂ ಕೆಲವರು, ಬಿಂದುವಿನ ನಂತರ ಅಂಕೆಗಳು ಹೆಚ್ಚಾದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ ಎಂದು ತಪ್ಪಾಗಿ ನಂಬಿದವರು. ಅವರಿಗೆ 0.3 ಮತ್ತು 0.35 ಕೊಟ್ಟಿದ್ದರೆ ಅವರೂ ಎಡವುತ್ತಿದ್ದರು. ಬೋಧನಾಭ್ಯಾಸಕ್ಕೆ ಹೋದ ಬಹುತೇಕ ಎಲ್ಲರ ಪಾಲಿಗೂ ಇಂಥದೊಂದು ಸಂಜೆ ಬಂದೇ ಬರುತ್ತದೆ. ಪಾಠ ಮಾಡಿದ್ದು ನಿಜ. ಆದರೆ ಮಕ್ಕಳು ಕಲಿತರೇ ಎಂಬ ಪ್ರಶ್ನೆ ಹುಟ್ಟುವುದು ಆಗಲೇ.

ಈ ಪ್ರಶ್ನೆಗೆ ಪಾಠ ನಡೆಯುತ್ತಿರುವಾಗಲೇ ಉತ್ತರ ಕಂಡುಕೊಂಡು, ಅದಕ್ಕೆ ತಕ್ಕಂತೆ ಬೋಧನೆಯ ದಾರಿಯನ್ನು ಬದಲಿಸುವುದಕ್ಕೆ ಶಿಕ್ಷಣಶಾಸ್ತ್ರದಲ್ಲಿ 'ರೂಪಣಾತ್ಮಕ ಮೌಲ್ಯಮಾಪನ' ಎಂಬ ಹೆಸರಿದೆ. ಕಲಿಕೆ ಮುಗಿದ ಮೇಲೆ ಎಷ್ಟು ದಕ್ಕಿತು ಎಂದು ಅಳೆಯುವ ವಾರ್ಷಿಕ ಪರೀಕ್ಷೆಯಂಥದು 'ಸಂಕಲನಾತ್ಮಕ'. ಅಡುಗೆಯವನು ಒಲೆಯ ಮೇಲಿರುವಾಗಲೇ ರುಚಿ ನೋಡುವುದು ಮೊದಲನೆಯದು, ಅತಿಥಿಗಳು ಊಟಕ್ಕೆ ಕುಳಿತು ರುಚಿ ನೋಡುವುದು ಎರಡನೆಯದು ಎಂಬ ಹೋಲಿಕೆ ಅಮೆರಿಕದ ಶಿಕ್ಷಣತಜ್ಞ ರಾಬರ್ಟ್ ಸ್ಟೇಕ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಒಲೆಯ ಮುಂದೆ ಸರಿಪಡಿಸಬಹುದು. ಎಲೆಗೆ ಬಡಿಸಿದ ಮೇಲೆ ದೂರು ಕೇಳುವುದಷ್ಟೇ ಉಳಿಯುತ್ತದೆ.

ಹೆಸರು ಹೊಸದಾದರೂ ಕೆಲಸ ಹಳೆಯದು. ಕನ್ನಡದಲ್ಲಿ ಮಗು ಅಕ್ಷರ ಕಲಿಯುವುದನ್ನು 'ಅಕ್ಷರ ತಿದ್ದುವುದು' ಎನ್ನುತ್ತಾರೆ. ತಪ್ಪನ್ನು ಸರಿಪಡಿಸುವುದಕ್ಕೂ ಅದೇ ಮಾತು. ಕೂಲಿಮಠಗಳ ಕಾಲದಲ್ಲಿ ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿತ್ತು. ಸೊಟ್ಟಗಾದರೆ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ತಪ್ಪು ಕಂಡ ಕ್ಷಣದಲ್ಲೇ ತಿದ್ದಲು ಅನುಕೂಲ. ಅದರ ಲೆಕ್ಕ ಎಲ್ಲಿಯೂ ಉಳಿಯುತ್ತಿರಲಿಲ್ಲ. ಹಾಗೆಂದು ಆ ಮಠಗಳನ್ನು ಸ್ವರ್ಗವೆಂದು ಭಾವಿಸಬೇಕಿಲ್ಲ. ಬಾಯಿಪಾಠವೂ ಬೆತ್ತವೂ ಅಲ್ಲಿ ಧಾರಾಳವಾಗಿದ್ದವು, ಎಲ್ಲ ಜಾತಿಯ ಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಆದರೂ ತಪ್ಪು ಎಂಬುದು ದಾಖಲೆಯ ವಸ್ತುವಾಗದೆ ಕಲಿಕೆಯ ಒಂದು ಹಂತವಾಗಿತ್ತು ಎಂಬುದು ಗಮನಾರ್ಹ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸ್ಥಿತಿ ಬದಲಾಯಿತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾಗಿ, ಮೆಟ್ರಿಕ್ಯುಲೇಷನ್ ಪರೀಕ್ಷೆ ಶಾಲೆಗಳ ಗುರಿಯಾಯಿತು. ಇಂಗ್ಲೆಂಡಿನಲ್ಲಿ 1862ರಿಂದ 'ಫಲಿತಾಂಶಕ್ಕೆ ತಕ್ಕ ಹಣ' ಎಂಬ ಪದ್ಧತಿ ಜಾರಿಗೆ ಬಂತು. ಇನ್‌ಸ್ಪೆಕ್ಟರು ಬಂದು ಪ್ರತಿಯೊಂದು ಮಗುವನ್ನೂ ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸುತ್ತಿದ್ದರು. ತೇರ್ಗಡೆಯಾದವರ ಸಂಖ್ಯೆಗೆ ಅನುಗುಣವಾಗಿ ಶಾಲೆಗೆ ಅನುದಾನ ಸಿಗುತ್ತಿತ್ತು. ಈ ಬಗೆಯ ಅನುದಾನ ಮುಂಬಯಿ ಮತ್ತು ಮದರಾಸು ಪ್ರಾಂತಗಳಿಗೂ ಬಂತು. ಧಾರವಾಡ, ಬೆಳಗಾವಿ, ಮಂಗಳೂರು, ಬಳ್ಳಾರಿಗಳು ಆಗ ಈ ಪ್ರಾಂತಗಳಲ್ಲೇ ಇದ್ದವು. ಮಗುವಿನ ತಪ್ಪು ಉತ್ತರಕ್ಕೆ ಹೀಗೆ ಹಣದ ಬೆಲೆ ಬಂತು. ತಪ್ಪು ಮಾಡುವ ಮಗು ಶಾಲೆಗೆ ನಷ್ಟ ತರುವ ಮಗು ಎನಿಸಿತು. ಇಂಗ್ಲೆಂಡಿನಲ್ಲಿ ಆ ಪದ್ಧತಿ 1890ರ ದಶಕದಲ್ಲಿ ಕೊನೆಗೊಂಡರೂ ಅದು ಬಿತ್ತಿದ ಮನೋಭಾವ ಸುಲಭವಾಗಿ ಅಳಿಯಲಿಲ್ಲ.

ಸ್ವಾತಂತ್ರ್ಯಾನಂತರ ನೇಮಕವಾದ ಆಯೋಗಗಳು ಇದನ್ನು ಕಂಡವು. ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆ ಎಂದು 1948-49ರ ರಾಧಾಕೃಷ್ಣನ್ ಆಯೋಗ ಹೇಳಿತು. 1957ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬೆಂಜಮಿನ್ ಬ್ಲೂಮ್ ಭಾರತಕ್ಕೆ ಬಂದು ಮೌಲ್ಯಮಾಪನ ಕುರಿತ ಕಾರ್ಯಾಗಾರಗಳನ್ನು ನಡೆಸಿದರು. ಅದರ ಬೆನ್ನಲ್ಲೇ, 1958ರಲ್ಲಿ, ಪರೀಕ್ಷಾ ಸುಧಾರಣೆಗೆಂದು ಕೇಂದ್ರೀಯ ಘಟಕವೊಂದು ಆರಂಭವಾಯಿತು. 1964-66ರ ಕೊಠಾರಿ ಆಯೋಗವೂ ಮೌಲ್ಯಮಾಪನವೆಂಬುದು ನಿರಂತರ ಪ್ರಕ್ರಿಯೆ ಎಂದು ಒತ್ತಿ ಹೇಳಿತು.

'ರೂಪಣಾತ್ಮಕ' ಎಂಬ ಪರಿಕಲ್ಪನೆಗೆ ಹೆಸರು ಸಿಕ್ಕಿದ್ದು ಅದರ ನಂತರ. ತತ್ವಶಾಸ್ತ್ರಜ್ಞ ಮೈಕೆಲ್ ಸ್ಕ್ರಿವನ್ 1967ರ ಪ್ರಬಂಧವೊಂದರಲ್ಲಿ, ಪಠ್ಯಕ್ರಮಗಳ ಮೌಲ್ಯಮಾಪನವನ್ನು ಚರ್ಚಿಸುತ್ತ ಈ ವಿಂಗಡಣೆ ಮಾಡಿದರು. ಅದನ್ನು ಮಕ್ಕಳ ಕಲಿಕೆಗೆ ಅನ್ವಯಿಸಿದವರು ಅದೇ ಬ್ಲೂಮ್. ಪ್ರತಿ ಘಟಕದ ಕೊನೆಯಲ್ಲಿ ಅಂಕಗಳ ಭಯವಿಲ್ಲದ ಕಿರುಪರೀಕ್ಷೆ, ಅದರಲ್ಲಿ ಕಂಡ ಕೊರತೆಗೆ ಬೇರೆ ವಿಧಾನದಲ್ಲಿ ಮರುಬೋಧನೆ, ಇದು ಅವರ ಯೋಜನೆ. ಇದನ್ನು ವಿವರಿಸುವ ಬೃಹತ್ ಕೈಪಿಡಿಯನ್ನು 1971ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದರು.

ಮುಂದಿನ ಸಂಶೋಧನೆಗಳು ತರಗತಿಯ ಒಳಗಿನ ಸಣ್ಣಪುಟ್ಟ ಸಂಗತಿಗಳತ್ತ ಕಣ್ಣು ಹಾಯಿಸಿದವು. ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ತೋರಿಸಿದರು. ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ದೀರ್ಘವಾದವು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಇನ್ನೊಂದು ಕುತೂಹಲಕರ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಉಳಿದವರಿಗೆ ಎರಡನ್ನೂ ಕೊಡಲಾಯಿತು. ಟಿಪ್ಪಣಿ ಮಾತ್ರ ಪಡೆದವರು ಮುಂದುವರಿದರು. ಎರಡನ್ನೂ ಪಡೆದವರಿಗೆ ಟಿಪ್ಪಣಿಯ ಲಾಭ ದಕ್ಕಲಿಲ್ಲ. ಅಂಕ ಕಣ್ಣಿಗೆ ಬಿದ್ದ ಮೇಲೆ ಪಕ್ಕದ ಮಾತನ್ನು ಓದುವ ವ್ಯವಧಾನ ಯಾರಿಗಿರುತ್ತದೆ?

1998ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಮ್ ಸುಮಾರು 250 ಅಧ್ಯಯನಗಳನ್ನು ಪರಾಮರ್ಶಿಸಿ, ರೂಪಣಾತ್ಮಕ ಕ್ರಮದಿಂದ ಕಲಿಕೆ ಉತ್ತಮಗೊಳ್ಳುತ್ತದೆ, ಅದರಲ್ಲೂ ಹಿಂದುಳಿದ ಮಕ್ಕಳಿಗೆ ಹೆಚ್ಚು ಪ್ರಯೋಜನವಾಗುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಲಾಭದ ಪ್ರಮಾಣದ ಬಗ್ಗೆ ನಂತರದ ಸಂಶೋಧಕರು ಪ್ರಶ್ನೆ ಎತ್ತಿದ್ದುಂಟು. ಆದರೆ ಮೂಲ ಮಾತು ಗಟ್ಟಿಯಾಗಿ ನಿಂತಿದೆ: ಸಿಕ್ಕ ಮಾಹಿತಿಯಿಂದ ಮುಂದಿನ ಪಾಠ ಬದಲಾಗದಿದ್ದರೆ ಅದು ರೂಪಣಾತ್ಮಕವಲ್ಲ, ಎಷ್ಟು ಬಾರಿ ನಡೆಸಿದರೂ ಅಲ್ಲ.

ಭಾರತದ ಅನುಭವವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. 'ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ' 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಕಾಣಿಸಿಕೊಂಡಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಕಾನೂನಿನ ಬಲ ನೀಡಿತು. ಅದೇ ವರ್ಷ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ತನ್ನ ಶಾಲೆಗಳ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಇದನ್ನು ತಂದಿತು. ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಗೆ ತಲಾ ಶೇಕಡಾ 10ರಂತೆ 40 ಭಾಗ, ಸಂಕಲನಾತ್ಮಕಕ್ಕೆ 60. ಕರ್ನಾಟಕದ ಶಾಲೆಗಳಲ್ಲೂ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಎಂಬ ಲೆಕ್ಕ ರೂಢಿಗೆ ಬಂತು.

ಎಡವಟ್ಟಾದದ್ದು ಇಲ್ಲಿಯೇ. ಸಾರಿನ ರುಚಿ ನೋಡುವುದಕ್ಕೂ ದಿನಾಂಕ ನಿಗದಿಯಾಯಿತು. ರೂಪಣಾತ್ಮಕವೆಂಬುದು ಇನ್ನೊಂದು ಕಿರುಪರೀಕ್ಷೆಯಾಯಿತು. ಶಿಕ್ಷಕರು ಮಗುವಿನ ಮುಖ ನೋಡುವುದಕ್ಕಿಂತ ಹೆಚ್ಚು ಹೊತ್ತು ದಾಖಲೆ ತುಂಬುವಂತಾಯಿತು. ಮಕ್ಕಳ 'ಪ್ರಾಜೆಕ್ಟ್'ಗಳು ಮನೆಯಲ್ಲಿ ಹಿರಿಯರ ಕೈಯಲ್ಲಿ ತಯಾರಾಗತೊಡಗಿದವು. ಕೇಂದ್ರೀಯ ಮಂಡಳಿ 2017ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟು, 2018ರಿಂದ ಹತ್ತನೆಯ ತರಗತಿಗೆ ಕಡ್ಡಾಯ ಬೋರ್ಡ್ ಪರೀಕ್ಷೆಯನ್ನು ಮರಳಿ ತಂದಿತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಮಕ್ಕಳನ್ನು ಅನುತ್ತೀರ್ಣಗೊಳಿಸಲು ಅವಕಾಶ ಕಲ್ಪಿಸಿತು. ವಿಧಾನವೇ ಸೋತಿತು ಎಂದು ಹಲವರು ಭಾವಿಸಿದರು. ದೊಡ್ಡ ತರಗತಿಗಳಲ್ಲಿ, ಸಾಕಷ್ಟು ತರಬೇತಿಯಿಲ್ಲದೆ, ಅಂಕಪಟ್ಟಿಯ ಭಾಷೆಯಲ್ಲೇ ಅದನ್ನು ಜಾರಿಗೊಳಿಸಿದ್ದು ಸೋತಿತು ಎನ್ನುವುದು ಹೆಚ್ಚು ಸರಿ.

ಹಾಗಾದರೆ ಅದನ್ನು ನಿಜವಾಗಿ ಕಲಿಯುವ ಸ್ಥಳ ಯಾವುದು? 2015ರಿಂದ ಎರಡು ವರ್ಷಗಳಿಗೆ ವಿಸ್ತರಿಸಿದ ಬಿ.ಎಡ್. ಶಿಕ್ಷಣದಲ್ಲಿ ಶಾಲಾ ಅನುಭವಕ್ಕೆಂದು ಒಟ್ಟು 20 ವಾರಗಳನ್ನು ಮೀಸಲಿಡಲಾಯಿತು. ಪ್ರಶಿಕ್ಷಣಾರ್ಥಿಯ ಸ್ಥಿತಿ ವಿಚಿತ್ರವಾದದ್ದು. ಮಕ್ಕಳನ್ನು ಅಳೆಯಲು ಕಲಿಯಬೇಕಾದ ಆಕೆಯೇ ಹಿಂದಿನ ಬೆಂಚಿನಿಂದ ಅಳೆಯಲ್ಪಡುತ್ತಿರುತ್ತಾಳೆ. ಆ ಭಯದಲ್ಲಿ ಮಗುವಿನ ತಪ್ಪು ಉತ್ತರ ತನ್ನ ಪಾಠದ ದೋಷದಂತೆ ಕೇಳಿಸುತ್ತದೆ. ಆದ್ದರಿಂದಲೇ ಕೈ ಎತ್ತಿದ ಜಾಣರನ್ನು ಕೇಳಿ ಮುಂದೆ ಸಾಗುವ ಆಸೆ.

ಆದರೆ ಮದ್ದು ಕೂಡ ಆಕೆಯ ಕೈಯಲ್ಲೇ ಇದೆ. ವೀಕ್ಷಣೆಯ ಪುಸ್ತಕದಲ್ಲಿ ಮಾರ್ಗದರ್ಶಕರು 'ಹಿಂದಿನ ಸಾಲಿನವರನ್ನು ಕೇಳಲಿಲ್ಲ' ಎಂದು ಬರೆದ ಒಂದು ಸಾಲು ಮರುದಿನದ ಪಾಠವನ್ನು ಬದಲಿಸಬಲ್ಲದು. ವರ್ಷದ ಕೊನೆಗೆ ಬರುವ ಅಂತಿಮ ಪಾಠದ ಅಂಕ ಅದನ್ನು ಮಾಡಲಾರದು. ತನಗೆ ನೆರವಾದದ್ದು ಅಂಕವಲ್ಲ, ಆ ಸಾಲು ಎಂದು ಅರಿತ ಶಿಕ್ಷಕಿ ಮಕ್ಕಳ ಪುಸ್ತಕದಲ್ಲೂ ಕೆಂಪು ಗೆರೆಯ ಬದಲು ಅಂಥದೊಂದು ಸಾಲು ಬರೆಯಬಲ್ಲಳು.

ಮರುದಿನ ಅದೇ ಆರನೆಯ ತರಗತಿಗೆ ಆಕೆ ಮೀಟರ್ ಪಟ್ಟಿಯೊಂದಿಗೆ ಬರಬಹುದು. 0.3, 0.35, 0.5 ಈ ಮೂರನ್ನೂ ಎಲ್ಲರೂ ಸ್ಲೇಟಿನ ಮೇಲೆ ಕ್ರಮವಾಗಿ ಬರೆದು ಎತ್ತಿ ಹಿಡಿಯುವಂತೆ ಹೇಳಬಹುದು. 0.35 ದೊಡ್ಡದೆಂದ ಹುಡುಗನನ್ನು 'ಹೇಗೆ ಯೋಚಿಸಿದೆಯಪ್ಪಾ, ಹೇಳು' ಎಂದು ಕೇಳಿ, ಅವನ ಮಾತು ಮುಗಿಯುವವರೆಗೆ ಕಾಯಬಹುದು. ಆ ಬಳಿಕ ಪಟ್ಟಿಯ ಮೇಲೆ ಅವನ ಬೆರಳೇ 35 ಸೆಂಟಿಮೀಟರಿನಿಂದ 50ರವರೆಗೆ ಸರಿದರೆ, ಮರಳಿನ ಮೇಲೆ ನಡೆಯುತ್ತಿದ್ದ ಹಳೆಯ ಕೆಲಸವೇ ಅಲ್ಲಿ ಮತ್ತೆ ನಡೆದಂತಾಗುತ್ತದೆ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಆ ಹುಡುಗನಿಗೆ ಮಾತ್ರ 0.5 ಏಕೆ ದೊಡ್ಡದೆಂದು ತಿಳಿದಿರುತ್ತದೆ.