ಕ್ಯಾನ್ಯನ್ ಪಾರ್ಕಿನ ಅಪಘಾತ, ಕನ್ನಡನಾಡಿನ ತಂದೆತಾಯಿ: ವಾಷಿಂಗ್ಟನ್ ರಾಜ್ಯದ ಪರಿಹಾರನ್ಯಾಯದ ಒಂದು ವಿಮರ್ಶೆ

ಸಿಯಾಟಲ್ ನಗರದ ಈಶಾನ್ಯಕ್ಕೆ, ಬಾಥೆಲ್ ಪಟ್ಟಣದ ಉತ್ತರಭಾಗದಲ್ಲಿ, 405ನೆಯ ಅಂತರರಾಜ್ಯ ಹೆದ್ದಾರಿಯೂ 527ನೆಯ ರಾಜ್ಯ ಹೆದ್ದಾರಿಯೂ ಕೂಡುವೆಡೆಯಲ್ಲಿ ಹಬ್ಬಿರುವ ಕ್ಯಾನ್ಯನ್ ಪಾರ್ಕ್, ಉದ್ಯೋಗನಿಮಿತ್ತವಾಗಿ ಸ್ವದೇಶವನ್ನು ಬಿಟ್ಟುಬಂದ ಕನ್ನಡ ಕುಟುಂಬಗಳು ನೆಲೆಗೊಂಡಿರುವ ಪ್ರದೇಶಗಳಲ್ಲೊಂದು. ಅಲ್ಲಿ ಸಂಭವಿಸಿದ ವಾಹನಾಪಘಾತದ ವ್ಯಾಜ್ಯವು ಸಾಮಾನ್ಯವಾಗಿ ಎವರೆಟ್ಟಿನಲ್ಲಿರುವ ಸ್ನೋಹೋಮಿಷ್ ಕೌಂಟಿಯ ನ್ಯಾಯಾಲಯವನ್ನು ಸೇರುತ್ತದೆ. ಅದರ ಸಂಕಟವಾದರೋ ಹಾಸನ, ಶಿವಮೊಗ್ಗ, ಧಾರವಾಡಗಳ ಮನೆಗಳನ್ನೂ ಮುಟ್ಟುತ್ತದೆ. ಆ ಮನೆಗಳಲ್ಲಿರುವ ತಂದೆತಾಯಿಗಳಿಗೆ ವಾಷಿಂಗ್ಟನ್ ರಾಜ್ಯದ ಶಾಸನವು ಎಂತಹ ಸ್ಥಾನವನ್ನು ಕೊಟ್ಟಿದೆಯೆಂಬುದೇ ಈ ಲೇಖನದ ವಿಚಾರ.

ಗಾಯಾಳುವಿನ ಸ್ವಂತ ಹಕ್ಕು ಅಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ಅಪಘಾತವಾದ ದಿನದಿಂದ 3 ವರ್ಷಗಳೊಳಗೆ ದಾವೆ ಹೂಡತಕ್ಕದ್ದು. ಗಾಯಗೊಂಡವನ ತಪ್ಪೂ ಸೇರಿದ್ದರೆ ಆ ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಪರಿಹಾರವು ಇಳಿಯುವುದೇ ಹೊರತು ಹಕ್ಕು ನಶಿಸುವುದಿಲ್ಲ; 10 ಲಕ್ಷ ಡಾಲರಿನ ಹಾನಿಯಲ್ಲಿ ಶೇ. 40ರಷ್ಟು ತಪ್ಪು ತನ್ನದೇ ಆದವನಿಗೂ 6 ಲಕ್ಷ ಸಲ್ಲುತ್ತದೆ. ವೇದನೆ, ಅಂಗವೈಕಲ್ಯ ಮೊದಲಾದ ಆರ್ಥಿಕೇತರ ಹಾನಿಗೆ ಶಾಸನಸಭೆಯು ವಿಧಿಸಿದ್ದ ಗರಿಷ್ಠ ಮಿತಿಯನ್ನು, ಜ್ಯೂರಿಯ ಅಧಿಕಾರಕ್ಕೆ ಭಂಗವೆಂದು, ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ರದ್ದುಗೊಳಿಸಿತು. ಆದರೆ ವಾಹನ ಚಾಲಕನು ಹೊಂದಿರಲೇಬೇಕಾದ ಕನಿಷ್ಠ ವಿಮೆ ಒಬ್ಬ ಗಾಯಾಳುವಿಗೆ 25,000 ಡಾಲರ್ ಮಾತ್ರ. ಆದಕಾರಣ ಎದುರುಪಕ್ಷದ ವಿಮೆ ಸಾಲದಾಗ ನೆರವಿಗೆ ಬರುವ ರಕ್ಷಣೆಯನ್ನು ತನ್ನ ಪಾಲಿಸಿಯಲ್ಲೇ ಇಟ್ಟುಕೊಳ್ಳದವನ ಕೈಯಲ್ಲಿ ಅನೇಕವೇಳೆ ದೊಡ್ಡ ತೀರ್ಪೊಂದು ಬರಿಯ ಕಾಗದವಾಗಿ ಉಳಿಯುವುದುಂಟು.

ಇನ್ನು ಮೃತನ ಬಂಧುಗಳ ಹಕ್ಕು. 1909ರಷ್ಟು ಹಳೆಯ ಶಾಸನವೊಂದರ ಪ್ರಕಾರ, ಹೆಂಡತಿ ಮಕ್ಕಳಿಲ್ಲದೆ ಸತ್ತವನ ತಂದೆತಾಯಿಗಳು ಪರಿಹಾರ ಕೇಳಬೇಕಾದರೆ ಜೀವನೋಪಾಯಕ್ಕೆ ಅವನನ್ನೇ ಅವಲಂಬಿಸಿರಬೇಕಾಗಿತ್ತು, ಅಷ್ಟೇ ಅಲ್ಲದೆ ಅಮೆರಿಕದ ನಿವಾಸಿಗಳೂ ಆಗಿರಬೇಕಾಗಿತ್ತು. ಗಣಿಗಳಲ್ಲಿ ಮಡಿಯುತ್ತಿದ್ದ ಚೀನೀ ಕಾರ್ಮಿಕರ ಕುಟುಂಬಗಳನ್ನು ದೂರವಿಡುವುದಕ್ಕೆಂದೇ ಈ ನಿಬಂಧನೆ ಹುಟ್ಟಿತೆಂದು ಮುಂದೆ ಅದರ ತಿದ್ದುಪಡಿಯನ್ನು ಬೆಂಬಲಿಸಿದವರು ವಾದಿಸಿದರು. 2015ರ ಸೆಪ್ಟೆಂಬರ್ 24ರಂದು ಸಿಯಾಟಲ್ಲಿನ ಅರೋರಾ ಸೇತುವೆಯ ಮೇಲೆ, ನೆಲದಲ್ಲೂ ನೀರಿನಲ್ಲೂ ಚಲಿಸುವ ಪ್ರವಾಸಿ ವಾಹನವೊಂದು ಅಚ್ಚು ಮುರಿದು ಎದುರಿನ ಬಸ್ಸಿಗೆ ಬಡಿದು, ನಾರ್ತ್ ಸಿಯಾಟಲ್ ಕಾಲೇಜಿನ ಐವರು ವಿದೇಶೀ ವಿದ್ಯಾರ್ಥಿಗಳು ಅಸುನೀಗಿದರು. ಆ ದುರಂತವು ಈ ನಿಬಂಧನೆಯ ಕ್ರೌರ್ಯವನ್ನು ಎಲ್ಲರ ಕಣ್ಣಿಗೂ ಕಾಣಿಸಿತು. 2019ರ ತಿದ್ದುಪಡಿಯು ವಾಸದ ಷರತ್ತನ್ನೂ ಅವಲಂಬನೆಯ ಷರತ್ತನ್ನೂ ಕಿತ್ತುಹಾಕಿ, ಕಾಲಮಿತಿ ಮೀರದ ಹಳೆಯ ಪ್ರಕರಣಗಳಿಗೂ ಅನ್ವಯಿಸುವಂತೆ ವಿಧಿಸಿತು. ನೂರುವರ್ಷಗಳಿಗೂ ಹೆಚ್ಚುಕಾಲ ಒಂದು ನಾಗರಿಕ ರಾಜ್ಯವು ಸಾಗರದಾಚೆಯ ತಾಯಿಯ ದುಃಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ನೆನೆದಷ್ಟೂ ಮನಸ್ಸನ್ನು ಕಲಕುತ್ತದೆ.

ಅದೇ ತಿದ್ದುಪಡಿಯು ಪ್ರಾಪ್ತವಯಸ್ಕ ಮಗನಿಗೋ ಮಗಳಿಗೋ ಮರಣವಾದಾಗ ಮಾತ್ರವಲ್ಲದೆ ಗಾಯವಾದಾಗಲೂ, ಪ್ರೀತಿ ಸಾಹಚರ್ಯಗಳ ನಷ್ಟಕ್ಕಾಗಿ ತಂದೆತಾಯಿಗಳೇ ವಾದಿಗಳಾಗಲು ಅವಕಾಶ ಮಾಡಿತು. ಅವರು ಮಗುವಿನ ಬಾಳಿನಲ್ಲಿ ಗಣನೀಯವಾಗಿ ಪಾಲ್ಗೊಂಡಿದ್ದರೆಂದು ತೋರಿಸಿಕೊಡಬೇಕು. ಪಾಲ್ಗೊಳ್ಳುವುದೆಂದರೆ ಪರಸ್ಪರ ಆಸರೆ; ಅದು ಹಣದ್ದಾಗಿರಬಹುದು, ಮನಸ್ಸಿನದಾಗಿರಬಹುದು. ಬೇಸಗೆಯ ಶನಿವಾರ ರಾತ್ರಿ 8 ಗಂಟೆಗೆ ಕ್ಯಾನ್ಯನ್ ಪಾರ್ಕಿನಿಂದ ಮಗಳು ಕರೆಮಾಡಿದರೆ ಹಾಸನದಲ್ಲಿ ಭಾನುವಾರ ಬೆಳಗ್ಗೆ ಎಂಟೂವರೆ. ವಾರವಾರವೂ ತಪ್ಪದ ಆ ಕರೆಗಳ ದಾಖಲೆ, ಅಮ್ಮನ ಔಷಧಕ್ಕೆ ಕಳುಹಿಸಿದ ಹಣದ ಬ್ಯಾಂಕುಪಟ್ಟಿ, ಚಟ್ನಿಪುಡಿಯ ಪೊಟ್ಟಣ ಕಳುಹಿಸಿದ ಕೊರಿಯರ್ ರಸೀದಿ ಇವೆಲ್ಲವೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬಲ್ಲವು.

ನಮ್ಮ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳ ದಾರಿಯೇ ಬೇರೆ. ತಿಂಗಳಿಗೆ 30,000 ರೂಪಾಯಿ ಗಳಿಸುತ್ತಿದ್ದ, ಖಾಯಂ ನೌಕರಿಯಿಲ್ಲದ, 28 ವರ್ಷದ ಅವಿವಾಹಿತನೊಬ್ಬನು ಮೃತನಾದನೆಂದು ಇಟ್ಟುಕೊಳ್ಳೋಣ. ವಾರ್ಷಿಕ 3,60,000ಕ್ಕೆ ಭವಿಷ್ಯದ ಏಳಿಗೆಯೆಂದು ಶೇ. 40 ಕೂಡಿಸಿ, ಸ್ವಂತ ಖರ್ಚಿಗೆಂದು ಅರ್ಧ ಕಳೆದು, ಉಳಿದ 2,52,000ವನ್ನು ಆ ವಯಸ್ಸಿನ ಗುಣಕವಾದ 17ರಿಂದ ಗುಣಿಸಿದರೆ 42,84,000 ರೂಪಾಯಿ. ಮಗನನ್ನು ಕಳೆದುಕೊಂಡ ದುಃಖಕ್ಕೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಗೊತ್ತುಮಾಡಿದ್ದು ತಂದೆಗೆ 40,000, ತಾಯಿಗೆ 40,000. ಈ ಲೆಕ್ಕದಲ್ಲಿ ಸಮತೆಯುಂಟು, ಶೀಘ್ರತೆಯುಂಟು. ವಾತ್ಸಲ್ಯವನ್ನು ಅಳೆಯುವ ಧೈರ್ಯ ಮಾತ್ರ ಕಡಿಮೆ.

ಹಾಗೆಂದು ವಾಷಿಂಗ್ಟನ್ನಿನ ಶಾಸನವೇ ಸರ್ವಥಾ ಮೇಲೆನ್ನಲಾಗದು. ಮೃತನಿಗೆ ಅಥವಾ ಗಾಯಾಳುವಿಗೆ ಪತ್ನಿಯೋ ಪತಿಯೋ ಮಗುವೋ ಇದ್ದರೆ ತಂದೆತಾಯಿಗಳ ಈ ಹಕ್ಕು ಇಂದಿಗೂ ಹುಟ್ಟುವುದೇ ಇಲ್ಲ. ಭಾರತದಲ್ಲಿಯಾದರೋ 1855ರ ಮಾರಕ ಅಪಘಾತಗಳ ಅಧಿನಿಯಮವೇ ಪತಿಪತ್ನಿಯರನ್ನೂ ತಂದೆತಾಯಿಗಳನ್ನೂ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತ್ತು. ಮದುವೆಯಾದ ಮಗನ ಆಸರೆಯಲ್ಲಿ ಊರಿನಲ್ಲಿರುವ ವಿಧವೆ ತಾಯಿಯನ್ನು ಸೊಸೆಯ ಔದಾರ್ಯಕ್ಕೆ ಬಿಟ್ಟುಕೊಡುವ ವಾಷಿಂಗ್ಟನ್ನಿನ ಶ್ರೇಣಿಯು, ಕನ್ನಡ ಕುಟುಂಬದ ನಿಜಸ್ವರೂಪಕ್ಕೆ ಹೊಂದುವುದಿಲ್ಲ. ಅದನ್ನು ಶಾಸನಸಭೆಯು ಪುನಃ ಪರಿಶೀಲಿಸತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಹಕ್ಕು ಇದ್ದೆಡೆಯಲ್ಲಿಯೂ ದಾರಿ ಸುಗಮವಲ್ಲ. ತಂದೆತಾಯಿಗಳು ತಾವೇ ವಾದಿಗಳಾಗುವ ದಾವೆಯ ಮಾತು ಬೇರೆ; 1909ರ ಶಾಸನದಂತೆ ಮರಣದ ದಾವೆಯನ್ನು ಹೂಡಬೇಕಾದವನು ನ್ಯಾಯಾಲಯವು ನೇಮಿಸಿದ ವೈಯಕ್ತಿಕ ಪ್ರತಿನಿಧಿ. ರಾಜ್ಯದ ಹೊರಗಿರುವ ತಂದೆಯೂ ಪ್ರತಿನಿಧಿಯಾಗಬಹುದು, ಆದರೆ ನೋಟೀಸುಗಳನ್ನು ಸ್ವೀಕರಿಸಲು ಅಲ್ಲಿಯವರೊಬ್ಬರನ್ನು ಏಜೆಂಟರಾಗಿ ಗೊತ್ತುಮಾಡಬೇಕು. ಸಂಬಂಧವನ್ನು ಸ್ಥಾಪಿಸಲು ಮಗನ ಜನನ ಪ್ರಮಾಣಪತ್ರವನ್ನು, ವಿದೇಶದಲ್ಲಿ ಮಾನ್ಯವಾಗಿಸುವ ಅಪೋಸ್ಟಿಲ್ ಮುದ್ರೆ ಹಾಕಿಸಿ, ಸಿದ್ಧವಾಗಿಟ್ಟುಕೊಳ್ಳುವುದು ಲೇಸು. ಪತ್ರದಲ್ಲಿ ತಂದೆಯ ಹೆಸರು ಒಂದು ಬಗೆಯಾಗಿಯೂ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯಾಗಿಯೂ ಇದ್ದರೆ ಅದನ್ನು ಸರಿಪಡಿಸುವುದಕ್ಕೇ ತಿಂಗಳುಗಳು ಹಿಡಿಯಬಹುದು; 3 ವರ್ಷಗಳ ಕಾಲಮಿತಿಯಾದರೋ ಅದಕ್ಕಾಗಿ ನಿಲ್ಲುವುದಿಲ್ಲ.