ಸೈನಿಕರ ಹಾಸ್ಯ ಅಂಚೆಕಾರ್ಡು: ಚಿತ್ರ ಬರೆದವರು ಯಾರು?

ಕ್ಯಾತ್ಸಂದ್ರದಂತಹ ಊರಿನ ಹಳೆಯ ಮನೆಯೊಂದರಲ್ಲಿ ಅಟ್ಟ ಗುಡಿಸುವಾಗ, ತಗಡಿನ ಪೆಟ್ಟಿಗೆಯಲ್ಲಿ ಸೈನಿಕರ ನಗೆಚಿತ್ರವಿರುವ ಅಂಚೆಕಾರ್ಡೊಂದು ಸಿಕ್ಕಿತೆಂದು ಭಾವಿಸೋಣ. ಬೆಂಗಳೂರು-ತುಮಕೂರು ರೈಲುಮಾರ್ಗ ಈ ಊರಿನ ಮೂಲಕವೇ ಹಾದುಹೋಗುತ್ತದೆ. ಬೆಂಗಳೂರು ಹಿಂದೆ ಬ್ರಿಟಿಷ್ ಸೇನೆಯ ದೊಡ್ಡ ದಂಡುನೆಲೆಯಾಗಿತ್ತು. ಆದ್ದರಿಂದ ಅಂತಹ ಕಾರ್ಡು ಇಲ್ಲಿ ದೊರೆತರೆ ಆಶ್ಚರ್ಯಪಡಬೇಕಿಲ್ಲ. ಬರೆದವರ ಮತ್ತು ಪಡೆದವರ ಹೆಸರು ಹಿಂಬದಿಯಲ್ಲಿ ಇರುತ್ತದೆ. ಚಿತ್ರ ರಚಿಸಿದವರ ಹೆಸರನ್ನು ಮಾತ್ರ ಹುಡುಕಬೇಕಾಗುತ್ತದೆ.

ಇಬ್ಬರು ಕಲಾವಿದರು

ಮೊದಲ ಮಹಾಯುದ್ಧದ (1914-1918) ನಗೆಚಿತ್ರಕಾರರಲ್ಲಿ ಬ್ರೂಸ್ ಬೇರ್ನ್ಸ್‌ಫಾದರ್ ಹೆಸರುವಾಸಿ. ಇವರು 1887ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಮರ್ರೀ ಎಂಬಲ್ಲಿ ಹುಟ್ಟಿದರು. ಸೇನಾಧಿಕಾರಿಯಾಗಿದ್ದ ಇವರ ಚಿತ್ರಗಳು ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಗಿ ಮನೆಮಾತಾದವು.

ಫರ್ಗಸ್ ಮೆಕೇನ್ ಸಾಮಾನ್ಯ ಸೈನಿಕ. ರಾಯಲ್ ಫ್ಯುಸಿಲಿಯರ್ಸ್ ದಳದಲ್ಲಿದ್ದ ಇವರು ‘ಸ್ಕೆಚಸ್ ಆಫ್ ಟಾಮೀಸ್ ಲೈಫ್’ ಎಂಬ ಕಾರ್ಡುಮಾಲೆಯನ್ನು ರಚಿಸಿದರು. ತರಬೇತಿ, ನೆಲೆ ಶಿಬಿರ, ಮುಂಚೂಣಿ, ವಿಶ್ರಾಂತಿ ಎಂದು ಅದರಲ್ಲಿ ನಾಲ್ಕು ಭಾಗಗಳಿವೆ. ಸೈನಿಕರು ತಮ್ಮ ಪಾಡನ್ನು ಮನೆಯವರಿಗೆ ತಿಳಿಸಲು ಇವುಗಳನ್ನೇ ಕಳುಹಿಸುತ್ತಿದ್ದರು. ಕಾರ್ಡುಗಳು ಉಳಿದವು, ಆದರೆ ಕಲಾವಿದನನ್ನು ಜನ ಮರೆತರು. ಬಹುಕಾಲದ ನಂತರ ಆಸಕ್ತರು ಅವರ ಬದುಕಿನ ವಿವರಗಳನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕಾಯಿತು.

ಹುಡುಕುವ ಕ್ರಮ

1. ಸಹಿ: ಚಿತ್ರದ ಕೆಳಮೂಲೆಗಳನ್ನು ಭೂತಗನ್ನಡಿಯಿಂದ ನೋಡಬೇಕು. ಬರೀ ಮೊದಲಕ್ಷರಗಳಿದ್ದರೂ ಅವು ಉಪಯುಕ್ತ.

2. ಹಿಂಬದಿ: ಮುದ್ರಕರ ಹೆಸರು ಮತ್ತು ಸರಣಿ ಸಂಖ್ಯೆಯನ್ನು ಬರೆದುಕೊಳ್ಳಬೇಕು. ವಿಳಾಸ ಮತ್ತು ಸಂದೇಶದ ನಡುವೆ ಗೆರೆಯಿರುವ ಕಾರ್ಡುಗಳಿಗೆ ಬ್ರಿಟನ್ನಿನಲ್ಲಿ ಅನುಮತಿ ದೊರೆತದ್ದು 1902ರಲ್ಲಿ. ಯುದ್ಧಕಾಲದ ಫ್ರಾನ್ಸಿನ ಕಾರ್ಡಿನಲ್ಲಿ ‘ವಿಸೆ ಪ್ಯಾರಿಸ್’ ಎಂದಿದ್ದರೆ, ಅಲ್ಲಿನ ಸೆನ್ಸಾರ್ ಒಪ್ಪಿಗೆ ಪಡೆದಿದೆ ಎಂದರ್ಥ.

3. ಅಂಚೆ ಮುದ್ರೆ: ಕಾರ್ಡು ಆ ದಿನಾಂಕಕ್ಕಿಂತ ಮೊದಲೇ ಅಚ್ಚಾಗಿತ್ತು ಎಂದಷ್ಟೇ ಇದು ಹೇಳುತ್ತದೆ. ಚಿತ್ರ ಎಷ್ಟೋ ವರ್ಷ ಹಳೆಯದಿರಬಹುದು.

4. ಸೇನಾ ದಾಖಲೆ: ಪದಕ ಪಡೆದವರ ಸೂಚಿಕಾರ್ಡುಗಳ ಪ್ರತಿಗಳು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆದರೆ ಆ ಯುದ್ಧದ ಸಾಮಾನ್ಯ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಅಧಿಕಾರಿಗಳ ಹೋಲಿಕೆಯಲ್ಲಿ ಬಡ ಸೈನಿಕರ ಹೆಜ್ಜೆಗುರುತು ಸಿಗದಿರಲು ಇದೂ ಒಂದು ಕಾರಣ.

ಧರ್ಮಕೇಂದ್ರದ ಪುಸ್ತಕಗಳು

ಕಡತ ಸುಟ್ಟುಹೋದವರ ವಿಷಯದಲ್ಲಿ ದೇವಾಲಯದ ದಾಖಲೆಗಳು ನೆರವಾಗುತ್ತವೆ. ದಂಡು ಪ್ರದೇಶದ ಸೈನಿಕರ ವಿವಾಹ, ಅವರ ಮಕ್ಕಳ ಜ್ಞಾನಸ್ನಾನ, ಮರಣ ಎಲ್ಲವೂ ದೇವಾಲಯದ ಪುಸ್ತಕದಲ್ಲಿ ನಮೂದಾಗುತ್ತಿದ್ದವು. ಇವುಗಳಲ್ಲಿ ಅನೇಕ ನಮೂದುಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗಿ, ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೀಗಾಗಿ ವಿದೇಶದಿಂದ ಯಾರಾದರೂ ತಮ್ಮ ಅಜ್ಜನ ಹೆಸರು ಕೇಳಿ ಪತ್ರ ಬರೆದರೆ, ಧರ್ಮಕೇಂದ್ರದ ಕಚೇರಿಯವರು ಅದನ್ನು ಬದಿಗಿಡದೆ ಪುಸ್ತಕ ತೆರೆದು ನೋಡುವುದು ಒಳಿತು.

ಗಮನಕ್ಕೆ

ಅಂಚೆಚೀಟಿಗಾಗಿ ಕಾರ್ಡನ್ನು ಕತ್ತರಿಸಬಾರದು, ನೀರಿನಲ್ಲಿ ನೆನೆಸಬಾರದು, ಲ್ಯಾಮಿನೇಷನ್ ಮಾಡಿಸಬಾರದು. ಅದರ ಮೇಲೆ ಪೆನ್ನಿನಿಂದ ಏನನ್ನೂ ಬರೆಯಬಾರದು. ಎರಡೂ ಬದಿಯ ಛಾಯಾಚಿತ್ರ ತೆಗೆದು, ಅದು ಯಾರ ಮನೆಯಲ್ಲಿ, ಯಾವ ವಸ್ತುಗಳ ಜೊತೆ ಸಿಕ್ಕಿತು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಡಬೇಕು. ಕಾರ್ಡಿನ ಬೆಲೆ ಕೆಲವು ರೂಪಾಯಿಗಳಷ್ಟೇ ಇರಬಹುದು. ಆದರೂ ಕಂದಕದಲ್ಲಿ ಕುಳಿತು ಸಂಗಾತಿಗಳನ್ನು ನಗಿಸಿದ ಒಬ್ಬ ಸೈನಿಕನ ಹೆಸರು ಎಲ್ಲಾದರೂ ಉಳಿದಿದ್ದರೆ, ಅದು ಆ ಕಾರ್ಡಿನ ಮೂಲೆಯಲ್ಲೇ ಇದ್ದೀತು.